ಹೂವಿಲ್ಲದ ಹಾಳೆ

ಸುದ್ದಿ ಬಂದಾಗ ಮೇಷ್ಟ್ರು ಕಿಟಕಿಯ ಬೆಳಕಿಗೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಎಡಗೈ ಮುಗಿದು ಬಲಗೈಯಲ್ಲಿ ಎರಡು ಬೆರಳು ಬಾಕಿ ಇತ್ತು. ಫೋನಿನಲ್ಲಿ ತಂಗಿಯ ಮಗಳು, "ಮಾವ, ಅಪ್ಪ ಹೋಗಿಬಿಟ್ಟರು. ಆರೂಕಾಲಿಗಂತೆ. ನಿದ್ದೆಯಲ್ಲೇ," ಎಂದಳು. ಮೇಷ್ಟ್ರು "ದೇವರೇ" ಎಂದರು. ಅದು ಬಾಯಿ ಹೇಳಿದ ಮಾತು. ಮನಸ್ಸು ಹೇಳಿದ್ದು ಬೇರೆ: ನನಗಿಂತ ನಾಲ್ಕು ವರ್ಷ ಚಿಕ್ಕವನು, ಇದರಲ್ಲೂ ಮುಂದೆ ಹೋದ. ಹಾಗೆ ಅನ್ನಿಸಿದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಅವರು ಅಡುಗೆಮನೆಯ ಕಡೆ ತಿರುಗಿ ನೋಡಿದರು. ಹೆಂಡತಿ ಒಲೆ ಆರಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಫೋನಿನ ಒಂದು ಕಡೆಯ ಮಾತು ಕೇಳಿದ್ದೇ ಅವಳಿಗೆ ಸಾಕಾಗಿತ್ತು. ತಮಗೂ ಕಣ್ಣು ತುಂಬುತ್ತದೇನೋ ಎಂದು ಮೇಷ್ಟ್ರು ಕಾದು ನೋಡಿದರು. ತುಂಬಲಿಲ್ಲ. ಉಳಿದೆರಡು ಉಗುರುಗಳನ್ನೂ ಕತ್ತರಿಸಿದರು. ಚೂರುಗಳನ್ನು ಒಂದು ಕಾಗದದಲ್ಲಿ ಹಾಕಿ, ನಾಲ್ಕು ಮಡಿಕೆ ಮಾಡಿ, ತುದಿಗಳನ್ನು ಒಳಕ್ಕೆ ಸಿಕ್ಕಿಸಿದ ಮೇಲೆಯೇ ಅದು ಒಣಗಿದ ಹೂವಿನ ಕೇಸರಗಳನ್ನು ಕಟ್ಟುವ ಪೊಟ್ಟಣದ ಮಡಿಕೆ ಎಂದು ಅವರಿಗೆ ತಿಳಿದದ್ದು. ಮೂವತ್ತನಾಲ್ಕು ವರ್ಷ ಆ ಮಡಿಕೆಯನ್ನೇ ಮಡಚಿದ ಕೈ ಅದು.

ಮೇಷ್ಟ್ರು ಎಂದರೆ ತರಗತಿಯಲ್ಲಿ ಪಾಠ ಹೇಳಿದವರಲ್ಲ. ಸಸ್ಯಶಾಸ್ತ್ರದ ಸಂಸ್ಥೆಯೊಂದರಲ್ಲಿ ಒಣಗಿಡಗಳ ಸಂಗ್ರಹಕ್ಕೆ ಒಡೆಯರಾಗಿದ್ದವರು. ಗಿಡಗಳನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿ ಕಬ್ಬಿಣದ ಕಪಾಟುಗಳಲ್ಲಿ ಇಟ್ಟಿರುತ್ತಾರೆ, ಆ ಕಪಾಟುಗಳ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಹುಡುಗರು ಕಪಾಟಿನ ಮೇಷ್ಟ್ರು ಎಂದು ಹೆಸರಿಟ್ಟರು, ಅದೇ ನಿಂತಿತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ತಂಗಿಯ ಗಂಡ ಹೂವಿನ ಪರಾಗ ನೋಡುತ್ತ ಕೂತಿರುತ್ತಿದ್ದ. ಸಂಜೆ ಮನೆಗೆ ಬರುವಾಗ ಅಂಗಿಯ ತೋಳಿನ ಮಡಿಕೆಯಲ್ಲಿ ಹಳದಿ ಪುಡಿ. ಮದುವೆಯ ಹೊಸತರಲ್ಲಿ ಮೇಷ್ಟ್ರೇ, ಕುಟುಕಬೇಕೆಂದೇ, "ಬಂದರಪ್ಪ ನಮ್ಮ ಧೂಳಪ್ಪನವರು" ಎಂದಿದ್ದರು. ಆ ಮಾತು ಕಲ್ಲಿನ ಹಾಗೆ ಹೋಗಿ ತಾಗಬೇಕಿತ್ತು. ಅದು ಹೂವಾಗಿ ಹೋಗಿ ಬಿತ್ತು. ಅವನೇ ನಕ್ಕು ಅದನ್ನು ಎತ್ತಿಕೊಂಡ. ಆಮೇಲೆ ತಂಗಿ, ತಾಯಿ, ಸಂಸ್ಥೆಯ ಹುಡುಗರು, ಕೊನೆಗೆ ಬೀಳ್ಕೊಡುಗೆಯ ದಿನ ಬಣ್ಣದ ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿದ ಅಕ್ಷರಗಳೂ ಧೂಳಪ್ಪ ಎಂದೇ ಕರೆದವು. ಮೇಷ್ಟ್ರ ಬೀಳ್ಕೊಡುಗೆಗೆ ಬಣ್ಣದ ಕಾಗದ ಇರಲಿಲ್ಲ. ಬಾಯಲ್ಲಿ ಮೇಷ್ಟ್ರು ಅವನನ್ನು ಎಂದೂ ಬಹುವಚನದಲ್ಲೇ ಕರೆದದ್ದು. ಮನಸ್ಸಿನಲ್ಲಿ ಮಾತ್ರ ಒಂದು ದಿನವೂ ಏಕವಚನ ಬಿಟ್ಟಿರಲಿಲ್ಲ.

ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಆಗಲೇ ಆರೇಳು ಜನ ಸೇರಿದ್ದರು. ದೇಹ ಆಸ್ಪತ್ರೆಯಿಂದ ಬರುವುದು ಮೂರೂವರೆಗೆ ಎಂದು ಯಾರೋ ಹೇಳಿದರು. ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿದ್ದರು. ಆ ಖಾಲಿ ಜಾಗವನ್ನು ಯಾರೂ ದಾಟಿ ಹೋಗುತ್ತಿರಲಿಲ್ಲ, ಎಲ್ಲರೂ ಅಂಚಿನಲ್ಲೇ ಓಡಾಡುತ್ತಿದ್ದರು. ತಂಗಿ ಅಳುತ್ತಿರಲಿಲ್ಲ. ಅಣ್ಣನನ್ನು ಕಂಡು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಾಲ್ಕು ಗಂಟೆಗೆ ತಗೊಂಡು ಹೋಗ್ತಾರೆ, ಅಣ್ಣ. ಅದಕ್ಕೆ ಮುಂಚೆ ನೀನು ಪ್ರಾರ್ಥನೆ ಹೇಳಬೇಕು. ಬೇರೆಯವರನ್ನು ಕರೆಸೋದು ಬೇಡ ಅಂತ ಇವರೇ ಹೇಳಿದ್ದರು, ಹೋದ ವಾರ. ಭಾವ ಹೇಳಲಿ, ಅವರ ಮಾತು ದೇವರಿಗೆ ಬೇಗ ಮುಟ್ಟುತ್ತೆ ಅಂದರು." ಬಂಧುಬಳಗದಲ್ಲಿ ಮೇಷ್ಟ್ರು ದೇವರ ಮನುಷ್ಯ ಎಂದು ಹೆಸರಾದವರು. ಯಾರ ಮನೆಯಲ್ಲಿ ಕಾಯಿಲೆಯಾಗಲಿ, ಸಾವಾಗಲಿ, ಮೊದಲು ಅವರಿಗೆ ಹೇಳಿಕಳಿಸುತ್ತಿದ್ದರು. ನಲವತ್ತು ವರ್ಷದಿಂದ ದಿನ ಬೆಳಗಾದರೆ ತಮ್ಮವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಪ್ರಾರ್ಥನೆ ಮಾಡುವವರು. ತಂಗಿಯ ಹೆಸರಾದ ಮೇಲೆ ಅವಳ ಮಗಳ ಹೆಸರು ಬರುತ್ತಿತ್ತು. ನಡುವೆ ಇರಬೇಕಾದ ಹೆಸರಿನ ಹತ್ತಿರ ಅವರ ನಾಲಿಗೆ, ಕೆಟ್ಟ ಮೆಟ್ಟಿಲು ದಾಟುವ ಕಾಲಿನ ಹಾಗೆ, ಹಾರಿ ಆಚೆ ಇಳಿಯುತ್ತಿತ್ತು. ದೇವರಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸಂಸ್ಥೆಯ ಈಗಿನ ಮುಖ್ಯಸ್ಥೆ, ಒಂದು ಕಾಲದಲ್ಲಿ ಇಬ್ಬರ ಕೈಕೆಳಗೂ ಕಲಿತವಳು, ಎದುರು ಕೂತು ಮೆಲ್ಲಗೆ ಮಾತಾಡುತ್ತಿದ್ದಳು. ಪಕ್ಕದಲ್ಲಿ ಕೂತ ನೆರೆಮನೆಯಾತನಿಗೆ ಆಕೆ ವಿವರಿಸುತ್ತಿದ್ದಳು: ಎಲೆ ನೋಡಿ, ಹೂವಿನ ಆಕಾರ ನೋಡಿ ಇದು ಇಂಥ ಕುಟುಂಬದ ಗಿಡ ಎನ್ನುವುದು ಹಳೆಯ ಪದ್ಧತಿ. ಎಲೆ ಮೋಸ ಮಾಡುತ್ತದೆ, ಹೂವೂ ಮೋಸ ಮಾಡುತ್ತದೆ. ಪರಾಗದ ಕಣದ ಹೊರಗೋಡೆ ಅಷ್ಟು ಬೇಗ ಬದಲಾಗುವುದಿಲ್ಲ. ಅದರ ಮೇಲೆ ಎಷ್ಟು ಸೀಳು, ಎಷ್ಟು ರಂಧ್ರ, ಮುಳ್ಳಿದೆಯೋ ಬಲೆಯ ಹಾಗೆ ಹೆಣಿಗೆಯಿದೆಯೋ ಎಂದು ನೋಡಿದರೆ ಗಿಡದ ಮನೆತನ ತಿಳಿಯುತ್ತದೆ. ಯಾರೂ ನಂಟು ಹೇಳದ ನಾಲ್ಕು ಪೊದೆಗಿಡಗಳನ್ನು ಸಾರ್ ಹೀಗೇ ಒಂದೇ ಕುಟುಂಬಕ್ಕೆ ಸೇರಿಸಿದರು, ಈಗ ಎಲ್ಲ ಕಡೆಯೂ ಅದೇ ವಿಂಗಡಣೆ. "ಐದನೆಯದೊಂದು ಉಳಿದುಹೋಯಿತು," ಎಂದು ತಂಗಿ ನಡುವೆ ಹೇಳಿದಳು. "ಆಸ್ಪತ್ರೆಯಲ್ಲೂ ಅದರ ಮಾತು ಬಂತು. ಪುಸ್ತಕದಲ್ಲಿ ಅದರ ಮುಂದಿನ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇರುತ್ತಲ್ಲ ಅಂದರು. ಇರಲಿ ಬಿಡಿ, ಒಂದಾದರೂ ಇರಬೇಕು ಅಂದೆ. ನಕ್ಕರು."

ಮೇಷ್ಟ್ರು ಎದ್ದು ನಿಂತರು. ಸಂಸ್ಥೆಯ ಮೇಲಿನ ಕೋಣೆಯಲ್ಲಿ ಅವರದೊಂದು ಒಳ್ಳೆಯ ಫೋಟೋ ಇದೆ, ನಾನು ಹೋಗಿ ತರುತ್ತೇನೆ ಎಂದರು. ಹುಡುಗರನ್ನು ಕಳಿಸೋಣ ಸಾರ್ ಎಂದಳು ಮುಖ್ಯಸ್ಥೆ. ಬೇಡ, ಎರಡು ಬೀದಿಯಾಚೆ, ನಾನೇ ಹೋಗುತ್ತೇನೆ, ಸಂಗ್ರಹದಲ್ಲೂ ಒಂದು ಸ್ವಲ್ಪ ಹೊತ್ತು ಕೂತು ಬರಬೇಕೆನಿಸುತ್ತಿದೆ ಎಂದರು. ಮುಖ್ಯಸ್ಥೆ ತನ್ನ ಕೈಚೀಲದಿಂದ ಬೀಗದ ಕೈ ಗೊಂಚಲು ತೆಗೆದು ಕೊಟ್ಟಳು. ದುಃಖದಲ್ಲಿ ಓಡಾಟ ಒಳ್ಳೆಯದು ಎಂಬಂತೆ ಎಲ್ಲರೂ ದಾರಿ ಬಿಟ್ಟರು. ಎಲ್ಲರಿಗಿಂತ ಹೆಚ್ಚು ದುಃಖ ತಮಗೇ ಇದೆಯೆಂದು ಜನ ತಿಳಿದರೆಂಬುದು ಮೇಷ್ಟ್ರ ಬೆನ್ನಿಗೆ ತಾಗಿತು. ಆ ತಪ್ಪು ತಿಳಿವಳಿಕೆಯೂ ಒಂದು ಕ್ಷಣ ಹಿತವಾಗಿಯೇ ಇತ್ತು.

ಬೀದಿಯಲ್ಲಿ ಎಂದಿನ ಬಿಸಿಲು. ಒಬ್ಬ ಹೆಂಗಸು ಬಾಲ್ಕನಿಯಿಂದ ಚಾದರ ಕೊಡವುತ್ತಿದ್ದಳು. ಯಾವುದರಲ್ಲಿ ಕೂರಿಸಿದ್ದಿರಿ? ಮೂವತ್ತೈದು ವರ್ಷದ ಹಿಂದಿನ ಆ ಮಾತು ಯಾವ ಮುನ್ಸೂಚನೆಯೂ ಇಲ್ಲದೆ ಬಂದು ಕಿವಿಯೊಳಗೆ ಕೂತಿತು. ಒಂದು ಶನಿವಾರದ ಸಭೆ, ಉದ್ದನೆಯ ಮೇಜು. ಅಂದು ಮೇಷ್ಟ್ರಿಗೂ ಸೂಕ್ಷ್ಮದರ್ಶಕವಿತ್ತು. ಎರಡು ವರ್ಷ ದುಡಿದು, ಒಂದೇ ಎಂದು ಎಲ್ಲರೂ ತಿಳಿದಿದ್ದ ಎರಡು ಗಿಡಗಳು ಒಂದೇ ಅಲ್ಲ, ಇದರ ಪರಾಗದ ಕಣ ಅದರದಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಹಾಗಾಗಿ ಇವನ್ನು ಬೇರೆ ಮಾಡಬೇಕು ಎಂದು ಓದಿದ್ದರು. ಹಿರಿಯರು ತಲೆದೂಗುತ್ತಿದ್ದರು. ಆಗ ಮೇಜಿನ ತುದಿಯಿಂದ ಧೂಳಪ್ಪ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದವನು, ಇನ್ನೂ ತಂಗಿಯ ಗಂಡನಾಗದಿದ್ದವನು, ನಿಜಕ್ಕೂ ತಿಳಿಯುವ ಆಸೆಯಿಂದ ಕೇಳಿದ, "ಸಾರ್, ಇವನ್ನು ಯಾವುದರಲ್ಲಿ ಕೂರಿಸಿದ್ದಿರಿ?" ಗಾಜುಪಟ್ಟಿಯ ಮೇಲೆ, ಗ್ಲಿಸರಿನ್ ಜೆಲ್ಲಿಯಲ್ಲಿ, ಎಂದರು ಮೇಷ್ಟ್ರು. "ಎರಡನ್ನೂ ಒಂದೇ ಕಾಲಕ್ಕೆ?" ಅಲ್ಲ. ದೊಡ್ಡ ಕಣದ ಗಾಜುಪಟ್ಟಿ ಎರಡು ವರ್ಷ ಹಳೆಯದು, ಇನ್ನೊಂದರದು ಹೋದ ತಿಂಗಳಿನದು. ಅಷ್ಟು ಹೇಳುವಷ್ಟರಲ್ಲೇ ಅವರ ಕಿವಿ ಕಾದು ಕೆಂಪಾಗಿತ್ತು. ಜೆಲ್ಲಿಯಲ್ಲಿಟ್ಟ ಕಣ ವರ್ಷ ಕಳೆದಂತೆ ಉಬ್ಬುತ್ತದೆ. ಅದು ಯಾವ ಮೊದಲ ವರ್ಷದ ಹುಡುಗನಿಗೂ ತಿಳಿದ ವಿಷಯ. ಅವರು ಬೇರೆ ಮಾಡಿದ್ದು ಎರಡು ಗಿಡಗಳನ್ನಲ್ಲ, ಎರಡು ಇಸವಿಗಳನ್ನು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹಿರಿಯರಲ್ಲೊಬ್ಬರು ಲೋಟ ಎತ್ತಿ ನೀರು ಕುಡಿದರು. ಮುಂದಿನ ತಿಂಗಳು ಮೇಷ್ಟ್ರು ಕಣ್ಣು ನೋವೆಂದು ಸೂಕ್ಷ್ಮದರ್ಶಕ ಬಿಟ್ಟುಕೊಟ್ಟು ಕೆಳಗಿನ ಕಪಾಟುಗಳಿಗೆ ಇಳಿದರು. ಕಣ್ಣು ಅಂದೂ ಚೆನ್ನಾಗಿತ್ತು, ಇಂದೂ ಚೆನ್ನಾಗಿದೆ. ಅದಾದ ವರ್ಷವೇ ತಂಗಿಗೆ ಅವನೊಡನೆ ಮದುವೆಯ ಮಾತು ಬಂತು. ಹುಡುಗ ಹೇಗೆ ಎಂದು ಅಪ್ಪ ಕೇಳಿದಾಗ "ಒಳ್ಳೆಯವನು" ಎಂದರು. ಇಲ್ಲ ಎನ್ನಲು ಕಾರಣ ಹುಡುಕಿ ಸಿಗದೆ ಹೇಳಿದ ಮಾತು ಅದು. ಕೊನೆಗಾಲದಲ್ಲಿ ತಾಯಿ ಮಗನ ಮನೆಯಲ್ಲಿರದೆ ಮಗಳ ಮನೆಯಲ್ಲಿದ್ದಳು. ಒಮ್ಮೆ ಮೇಷ್ಟ್ರು ಅವಳ ಕಣ್ಣಿಗೆ ಔಷಧಿ ಹಾಕಲು ಹೋದರೆ, "ನೀನು ಬೇಡಪ್ಪ, ಅಳಿಯಂದಿರು ಬರಲಿ, ಅವರ ಕೈ ಮೆತ್ತಗೆ," ಎಂದಿದ್ದಳು.

ಸಂಗ್ರಹದ ಬಾಗಿಲು ತೆರೆದೊಡನೆ ನುಸಿಗುಳಿಗೆಯ ವಾಸನೆ ಹಳೆಯ ನಾಯಿಯಂತೆ ಮೈಮೇಲೆ ಬಂತು. ಯಾವ ಕಪಾಟು, ಯಾವ ಅರೆ ಎಂದು ಯೋಚಿಸಬೇಕಿರಲಿಲ್ಲ. ಕಾಲು ತಾನಾಗಿ ನಿಂತಿತು. ಐದನೆಯ ಗಿಡದ ಹಾಳೆ ಇರುವುದೇ ಒಂದು. ಬಂಡೆಯ ಸಂದಿಯಲ್ಲಿ ಬೆಳೆಯುವ ಆ ಪೊದೆಯನ್ನು ಯಾರೋ ಒಮ್ಮೆ ಕಿತ್ತು ತಂದರು, ಮತ್ತೆ ಯಾರಿಗೂ ಅದು ಸಿಕ್ಕಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಧೂಳಪ್ಪ ಮೇಲಿನಿಂದ ಬೇಡಿಕೆಯ ಚೀಟಿ ಕಳಿಸಿದ್ದ: ಈ ಹಾಳೆಯಲ್ಲಿ ಹೂವೋ ಮೊಗ್ಗೋ ಇದ್ದರೆ ಪರಾಗಕ್ಕಾಗಿ ಒಂದನ್ನು ತೆಗೆಯಲು ಅನುಮತಿ ಬೇಕು. ಮೇಷ್ಟ್ರು ಹಾಳೆ ತೆಗೆದು ನೋಡಿದ್ದರು. ಮೇಲಿನಿಂದ ಎರಡನೆಯ ಎಲೆಯ ಅಡಿಯಲ್ಲಿ, ಕಾಳುಮೆಣಸಿನಷ್ಟು, ಎರಡು ಮೊಗ್ಗು. ಎಲೆಯನ್ನು ಮೆಲ್ಲಗೆ ಕೆಳಗೆ ಬಿಟ್ಟರು. ಚೀಟಿಯ ಕೆಳಗೆ ಬರೆದರು: ಹೂವಿಲ್ಲ. ಸಹಿ, ತಾರೀಕು. ಬೇಡಿಕೆಯ ಚೀಟಿಗಳ ಕಟ್ಟಿನಲ್ಲಿ ಅದರ ನಕಲು ಈಗಲೂ ಇದೆ. ಮಾರನೆಯ ಬೆಳಗಿನ ಪ್ರಾರ್ಥನೆಯೂ ಎಂದಿನಂತೆ ನಡೆಯಿತು. ಎರಡು ವರ್ಷದ ಮೇಲೆ ಅವನ ಪುಸ್ತಕ ಬಂದಾಗ ಮೊದಲು ತಿರುವಿದ್ದು ಕೊನೆಯ ಪುಟವನ್ನು. ಐದನೆಯ ಗಿಡದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು. ಅಷ್ಟು ದೊಡ್ಡ ಪುಸ್ತಕದಲ್ಲಿ ಅದೊಂದೇ ತನ್ನ ಬರವಣಿಗೆ ಎಂಬ ಹಾಗೆ ಮೇಷ್ಟ್ರು ಅದರ ಮೇಲೆ ಬೆರಳಾಡಿಸಿದ್ದರು.

ಎಲೆ ಎತ್ತಿದರು. ಮೊಗ್ಗುಗಳು ಇದ್ದವು. ನಾಲ್ಕು ಗಂಟೆಗೆ ಆ ದೇಹದ ಮುಂದೆ ನಿಂತು ದೇವರ ಹೆಸರೆತ್ತಬೇಕು. ಈ ಬಾಯಿಂದ ಹೇಗೆ ಎತ್ತುವುದು? ಕನಿಷ್ಠ ಅದರೊಳಗೆ ಏನಿತ್ತೆಂದಾದರೂ ತಿಳಿಯಬೇಕು, ಕದ್ದದ್ದು ಎಷ್ಟೆಂದು ತಿಳಿಯಬೇಕು, ಎಂದುಕೊಂಡರು. ಹಾಗೆ ಎಂದುಕೊಂಡದ್ದು ಅರ್ಧ ನಿಜ. ಇನ್ನರ್ಧದಲ್ಲಿ ಬೇರೆಯ ಆಸೆಯಿತ್ತು: ಒಳಗಿನ ಕಣದಲ್ಲಿ ಉಳಿದ ನಾಲ್ಕರಂತೆ ಬಲೆ ಇಲ್ಲದೆ ಮುಳ್ಳೇ ಇದ್ದರೆ? ಅವನು ಊಹಿಸಿದ್ದು ತಪ್ಪಾಗಿದ್ದರೆ? ಯಾರಿಗೂ ಹೇಳಬೇಕಾಗಿಲ್ಲ, ತನಗೊಬ್ಬನಿಗೆ ತಿಳಿದರೆ ಸಾಕು. ಒಂದು ಮೊಗ್ಗನ್ನು ಚಿಮಟದಲ್ಲಿ ಬಿಡಿಸಿಕೊಂಡು ಮೆಟ್ಟಿಲು ಹತ್ತಿದರು.

ಮೇಲಿನ ಕೋಣೆಯಲ್ಲಿ, ನಿವೃತ್ತಿಯಾದ ಮೇಲೂ ಅವನಿಗೆಂದೇ ಬಿಟ್ಟಿದ್ದ ಮೇಜು. ಕುರ್ಚಿಯ ಮೇಲೆ ತಂಗಿ ಹೊಲಿದ ದಿಂಬು, ನಡುವೆ ಕುಳಿ ಬಿದ್ದಿತ್ತು. ಮೇಷ್ಟ್ರು ದಿಂಬು ತೆಗೆದಿಟ್ಟು ಕೂತರು. ಆಮ್ಲದಲ್ಲಿ ಕುದಿಸಿ ಕಣವನ್ನು ಚೊಕ್ಕಟ ಮಾಡಲು ಅರ್ಧ ದಿನ ಬೇಕು, ಅಷ್ಟು ಹೊತ್ತಿರಲಿಲ್ಲ. ಬಿಸಿನೀರಿನಲ್ಲಿ ಮೊಗ್ಗನ್ನು ಮೆತ್ತಗೆ ಮಾಡಿ, ಸೂಜಿಯಿಂದ ದಳ ಬಿಡಿಸಿ, ಕೇಸರದ ತುದಿಯ ಚೀಲವನ್ನು ಗಾಜಿನ ಮೇಲೆ ಒಡೆದರು. ಮೂವತ್ತೈದು ವರ್ಷ ಬಿಟ್ಟ ಕೆಲಸ, ಆದರೂ ಕೈಗೆ ಎಲ್ಲ ನೆನಪಿತ್ತು. ಎಣ್ಣೆಯ ಒಂದು ಹನಿ, ಮೇಲೆ ತೆಳು ಗಾಜು. ಕಣ್ಣಿಟ್ಟರೆ ಬರೀ ಮಂಜು. ಅವನ ಕಣ್ಣಿಗೆ, ಅವನ ಎರಡು ಕಣ್ಣಿನ ನಡುವಿನ ಅಂತರಕ್ಕೆ ಹೊಂದಿಸಿದ ಕೊಳವೆಗಳು. ತಿರುಗಿಸಲು ಕೈ ಹಾಕಿದವರು ಒಂದು ಗಳಿಗೆ ತಡೆದರು. ತಿರುಗಿಸಿದರೆ ಅವನು ನೋಡುತ್ತಿದ್ದ ರೀತಿ ಅಳಿಸಿಹೋಗುತ್ತದೆ. ತಿರುಗಿಸಿದರು.

ಮಂಜು ಸರಿದು ಕಂಡದ್ದು ಏನೂ ಅಲ್ಲ. ನಾಲ್ಕು ನಾಲ್ಕಾಗಿ ಅಂಟಿಕೊಂಡ ನೀರುಗುಳ್ಳೆಯಂಥ ಕಣಗಳು, ಇನ್ನೂ ಗೋಡೆ ಕಟ್ಟದವು. ಬಲೆಯೂ ಇಲ್ಲ, ಮುಳ್ಳೂ ಇಲ್ಲ, ಸೀಳೂ ಇಲ್ಲ. ಮೊಗ್ಗು ತೀರ ಎಳೆಯದಾಗಿದ್ದಾಗಲೇ ಗಿಡವನ್ನು ಕಿತ್ತಿದ್ದರು. ಮೇಷ್ಟ್ರು ಕೆಳಗಿಳಿದು ಹೋಗಿ ಇನ್ನೊಂದನ್ನೂ ತಂದರು. ಬೇಡ ಎಂದು ಒಳಗೊಂದು ದನಿ ಹೇಳಿತು, ಒಂದಾದರೂ ಹಾಳೆಯ ಮೇಲೆ ಉಳಿಯಬೇಕು ಎಂಬುದು ಅವರೇ ಹುಡುಗರಿಗೆ ಕಲಿಸಿದ್ದ ನಿಯಮ. ಅದನ್ನೂ ಒಡೆದರು. ಅದೂ ಹಾಗೇ. ಅವರು ಕುರ್ಚಿಗೆ ಒರಗಿ ನಕ್ಕರು. ನಗು ಜೋರಾಗಿಯೇ ಬಂತು. ಇಪ್ಪತ್ತೆರಡು ವರ್ಷ ಎದೆಯಲ್ಲಿಟ್ಟು ಕಾಯ್ದ ಪಾಪದ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅಂದು ಕೊಟ್ಟಿದ್ದರೂ ಪ್ರಶ್ನಾರ್ಥಕ ಚಿಹ್ನೆ ಅಲ್ಲೇ ಇರುತ್ತಿತ್ತು. ನನ್ನಿಂದ ಅವನಿಗೆ ಏನೂ ಹೋಗಿಲ್ಲ, ಕೂದಲೆಳೆಯಷ್ಟೂ ಹೋಗಿಲ್ಲ. ಮೈ ಹಗುರಾಯಿತು.

ಹಗುರಾದ ಮೈಯಲ್ಲೇ ಕೆಳಗೆ ಬಂದು ಹಾಳೆಯನ್ನು ಸರಿಪಡಿಸಿದರು. ಸಣ್ಣ ಚೀಟಿ ತೆಗೆದುಕೊಂಡು ಬರೆದರು, ಗೋಂದು ಹಚ್ಚಿದರು, ಹಾಳೆಯ ಬಲಮೂಲೆಗೆ ಒತ್ತಿದರು. ಒತ್ತಿದ ಮೇಲೆ ಓದಿಕೊಂಡರು: "ಮೊಗ್ಗು ಎರಡು, ಪರಾಗ ಪರಿಶೀಲನೆಗೆ ತೆಗೆಯಲಾಗಿದೆ." ಕೆಳಗೆ ಅವರ ಸಹಿ, ಇವತ್ತಿನ ತಾರೀಕು. ಹಾಳೆಯಿಂದ ಏನು ತೆಗೆದರೂ ಬರೆದು ಅಂಟಿಸದೆ ಹೋಗಬಾರದೆಂಬುದು ಅವರ ಕೈಯ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ಸತ್ಯ ಬರೆದುಬಿಟ್ಟಿತ್ತು. ಇನ್ನು ಯಾರಾದರೂ ಇದನ್ನೂ ಹಳೆಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಕಿತ್ತರೆ ಹಾಳೆಯ ಕಾಗದವೇ ಎದ್ದು ಬರುತ್ತದೆ. ಈಗ ಈ ಹಾಳೆಯಲ್ಲಿ ನಿಜಕ್ಕೂ ಹೂವಿಲ್ಲ. ಅಂದಿನ ಸುಳ್ಳನ್ನು ಇಂದು ತಾವೇ ನಿಜ ಮಾಡಿದ್ದರು. ಕಪಾಟು ಮುಚ್ಚಿ, ಮೇಲಿನ ಕೋಣೆಯ ಗೋಡೆಯಿಂದ ಫೋಟೋ ತೆಗೆದುಕೊಂಡು, ಗಾಜನ್ನು ಅಂಗಿಯ ಅಂಚಿನಿಂದ ಒರೆಸುತ್ತ ಹೊರಟರು. ಇರಲಿ, ಏನೂ ಹೋಗಿಲ್ಲವಲ್ಲ, ಎಂದುಕೊಳ್ಳುತ್ತಲೇ ಇದ್ದರು.

ಮನೆಯಲ್ಲಿ ತಂಗಿ ಹಿಂದಿನ ಕೋಣೆಯಲ್ಲಿ ಒಬ್ಬಳೇ ಗಂಡನ ಅಂಗಿಗಳನ್ನು ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು. ಮೇಷ್ಟ್ರು ಬಾಗಿಲು ಮುಂದೆ ಮಾಡಿ, ನಿಂತೇ ಎಲ್ಲ ಹೇಳಿದರು. ಹೇಳುವಾಗ ಚೀಟಿಯ ವಿಷಯ ಬೇಗ ಮುಗಿಸಿ, ಮೊಗ್ಗು ಎಳೆಯದಾಗಿದ್ದ ವಿಷಯಕ್ಕೆ ಬಂದು ಅದನ್ನು ಎರಡು ಸಲ ವಿವರಿಸಿದರು. ಲೆಕ್ಕಕ್ಕೆ ನೋಡಿದರೆ ನಷ್ಟವೇನೂ ಆಗಿಲ್ಲ, ನೋಡು, ಎಂದರು. ಅವಳು ಅಂಗಿಯ ಗುಂಡಿ ಹಾಕುತ್ತಿದ್ದಳು.

"ಅವರಿಗೆ ಗೊತ್ತಿತ್ತು, ಅಣ್ಣ."

"ಏನು ಗೊತ್ತಿತ್ತು?"

"ಮೊಗ್ಗು ಇರೋದು. ನಿನಗೆ ಚೀಟಿ ಕಳಿಸೋಕೆ ಮುಂಚೆನೇ, ಕಪಾಟು ತೆರೆದಿದ್ದಾಗ, ಆ ಹಾಳೆ ನೋಡಿದ್ದರು. ಎಳೇದು, ಏನೂ ಸಿಗಲಿಕ್ಕಿಲ್ಲ, ಆದರೂ ಒಂದು ಸಲ ನೋಡಿಬಿಡೋಣ ಅಂತಿದ್ದರು."

ಮೇಷ್ಟ್ರು ಹಾಸಿಗೆಯ ಅಂಚಿಗೆ ಕೂತರು. "ಮತ್ತೆ ಇನ್ನೊಂದು ಸಲ ಯಾಕೆ ಕೇಳಲಿಲ್ಲ?"

"ನಾನೂ ಅದನ್ನೇ ಕೇಳಿದೆ. ಭಾವ ಇಲ್ಲ ಅಂತ ಬರೆದು ಸಹಿ ಹಾಕಿದ್ದಾರೆ, ಮತ್ತೆ ಕೇಳಿದರೆ ಎದ್ದು ಹೋಗಿ ನೋಡಬೇಕಾಗುತ್ತೆ, ನೋಡಿದರೆ ಇದೆ ಅನ್ನಬೇಕಾಗುತ್ತೆ. ಆಮೇಲೆ ನಮ್ಮನೆಗೆ ಊಟಕ್ಕೆ ಹೇಗೆ ಬರ್ತಾರೆ, ಅಂದರು." ಅವಳು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದ ಸವರಿದಳು. "ನನಗೆ ನಿನ್ನ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಅವರೇ ಬಿಡಿಸಿದರು. ಪುಸ್ತಕದಲ್ಲಿ ಒಂದು ಪ್ರಶ್ನೆ ಇದ್ದರೆ ಏನಾಯ್ತು ಅಂತ."

ಇಪ್ಪತ್ತೆರಡು ವರ್ಷದ ಭಾನುವಾರಗಳು ಒಂದೊಂದಾಗಿ ಮೇಷ್ಟ್ರ ಕಣ್ಣ ಮುಂದೆ ತಿರುಗಿ ನಿಂತವು. ಅದೇ ಊಟದ ಮೇಜು, ಎದುರು ಕೂತ ಅವನ ಮುಖ. ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಭಾವ, ಎನ್ನುವ ದನಿ. ಗೊತ್ತಿದ್ದೂ ಬಡಿಸುತ್ತಿದ್ದ. ತಾವು ಮಾತ್ರ, ಅವನಿಗೇನು ಗೊತ್ತು ಎಂಬ ಒಳಗಿನ ಸೊಕ್ಕಿನಲ್ಲಿ, ತುತ್ತು ತುತ್ತಿಗೂ ರುಚಿ ಕಂಡು ಉಂಡಿದ್ದರು. ಹೊಟ್ಟೆಯಲ್ಲಿ ಹಳೆಯ ಬೆಂಕಿ ಎದ್ದಿತು, ಎಂದಿಗಿಂತ ಜೋರಾಗಿ. ಪರಾಗ ನೋಡುವುದರಲ್ಲಿ ಅವನು ಮೇಲು, ತಾಯಿಗೆ ಅವನ ಕೈ ಮೆತ್ತಗೆ. ಮೋಸ ಹೋಗುವುದರಲ್ಲೂ ಅವನೇ ಮೇಲಾಗಬೇಕಿತ್ತೇ? ನನ್ನ ಒಂದೇ ಒಂದು ಕೆಟ್ಟತನವನ್ನೂ ಅವನು ನನಗೇ ಬಿಡದೆ ತಾನು ಹೊತ್ತುಕೊಂಡನಲ್ಲ. ಆ ಮೊಗ್ಗು ಎಳೆಯದೆಂದು ಸೂಜಿ ಹಾಕದೆಯೇ ಊಹಿಸಿದ್ದನಲ್ಲ. ಸತ್ತವನ ಒಳ್ಳೆಯತನದ ಮೇಲೆ ಇಷ್ಟು ಉರಿಯುವವನು ಮನುಷ್ಯನೇ ಎಂದು ಕೇಳಿಕೊಂಡರು. ಕೇಳಿಕೊಂಡರೂ ಉರಿ ಆರಲಿಲ್ಲ. ಪ್ರಾರ್ಥನೆಗೆ ಬೇರೆ ಯಾರನ್ನಾದರೂ ಕರೆಸಮ್ಮ, ನನ್ನಿಂದ ಆಗುವುದಿಲ್ಲ, ಎಂದರು. ತಂಗಿ ಅವರನ್ನು ನೋಡಿದಳು. "ಅವರು ನಿನ್ನ ಹೆಸರು ಹೇಳುವಾಗ ಇದೆಲ್ಲ ಮರೆತು ಹೇಳಿದರು ಅಂದುಕೊಂಡೆಯಾ?" ಎಂದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವನನ್ನು ಮಲಗಿಸಿದರು. ಮುಖ ಸಣ್ಣದಾಗಿತ್ತು. ಕನ್ನಡಕ ಕೂತೂ ಕೂತೂ ಮೂಗಿನ ಎರಡು ಕಡೆ ಬಿದ್ದ ಗುಳಿ ಹಾಗೇ ಇತ್ತು. ಮೇಷ್ಟ್ರು ಆಗ, ಮೊದಲ ಬಾರಿಗೆ ಆ ದಿನ, ಕಣ್ಣೊರೆಸಿಕೊಂಡರು. ಮಗಳು ಅಮ್ಮನ ಭುಜ ಹಿಡಿದು ನಿಂತಳು. ಮುಖ್ಯಸ್ಥೆ, ನೆರೆಯವರು, ಸಂಸ್ಥೆಯ ಹುಡುಗರು ಗೋಡೆಯುದ್ದಕ್ಕೂ ತಲೆ ತಗ್ಗಿಸಿದರು. ಇಂಥ ಹೊತ್ತಿಗೆ ಹೇಳುವ ಮಾತುಗಳು ಅವರಿಗೆ ಬಾಯಿಪಾಠ, ನೂರು ಮನೆಯಲ್ಲಿ ಹೇಳಿದ್ದವು. ಬಾಯಿ ತೆರೆದರೆ ಅವು ಬರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, ಕೋಣೆಯ ತುದಿಯವರೆಗೂ ಕೇಳುವಂತೆ ಹೇಳಿದರು:

"ದೇವರೇ, ಈ ಜೀವ ನಿನ್ನ ಹತ್ತಿರ ಬಂದಿದೆ. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ತಾಳ್ಮೆಯಿಂದ ನೋಡಿದವನು ಇವನು. ನೀನೂ ಇವನನ್ನು ಅಷ್ಟೇ ತಾಳ್ಮೆಯಿಂದ ನೋಡು. ನಾನು ಇವನಿಗೆ ಸುಳ್ಳು ಹೇಳಿದವನು. ಇವನ ಮೇಲೆ ಹೊಟ್ಟೆಕಿಚ್ಚು ಪಟ್ಟವನು, ಈ ಗಳಿಗೆಯಲ್ಲೂ ಪಡುತ್ತಿರುವವನು. ಅದು ಆರಲಿ, ಆಮೇಲೆ ಕೇಳೋಣ ಎಂದರೆ ಇವನನ್ನು ಹೊರಡಿಸಲು ಹೊತ್ತಾಗಿದೆ. ನನಗೆ ಬೇರೆ ಬಾಯಿಯಿಲ್ಲ, ಇದರಿಂದಲೇ ಕೇಳುತ್ತಿದ್ದೇನೆ. ಕೇಳುವವನ ಮುಖ ನೋಡಬೇಡ, ಮಲಗಿರುವವನ ಮುಖ ನೋಡು. ಇವನಿಗೆ ಶಾಂತಿ ಕೊಡು. ನನ್ನ ತಂಗಿಯ ಗಂಡನಿಗೆ, ನನ್ನ ತಾಯಿಯ ಅಳಿಯನಿಗೆ, ಶಾಂತಿ ಕೊಡು."